ಅನ್‌ಡಿಪ್ಲಾಯ್ ಆದ ಮೇಲೂ ಹೋಗದ ಅಪ್ಲಿಕೇಶನ್

(ಜಾವಾ ವೆಬ್ ಡೆವಲಪರ್‌ಗಳ ಮುಂದೆ ಕೊಟ್ಟ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ.

ಜಾವಾ ವೆಬ್ ಅಪ್ಲಿಕೇಶನ್ ಓಡಿಸುವ ಸರ್ವರ್ ಟಾಮ್‌ಕ್ಯಾಟನ್ನು ಶುರು ಮಾಡುತ್ತೀರಿ. ಕೋಡ್‌ನಲ್ಲಿ ಒಂದು ಸಾಲು ಬದಲಾಯಿಸಿ ಸೇವ್ ಮಾಡುತ್ತೀರಿ. ನೀವು ಕೋಡ್ ಬರೆಯುವ ಎಕ್ಲಿಪ್ಸ್ ತಾನೇ ರೀಡಿಪ್ಲಾಯ್ ಮಾಡುತ್ತದೆ, ಅಂದರೆ ಸರ್ವರ್‌ನಿಂದ ಹಳೆಯ ಪ್ರತಿ ತೆಗೆದು (ಅನ್‌ಡಿಪ್ಲಾಯ್) ಹೊಸದನ್ನು ಹಾಕುತ್ತದೆ. ಮತ್ತೆ ಬದಲಾವಣೆ, ಮತ್ತೆ ರೀಡಿಪ್ಲಾಯ್. ಹೀಗೇ ಸ್ವಲ್ಪ ಹೊತ್ತು ನಡೆದ ಮೇಲೆ ಪೇಜ್ ಬರುವುದು ನಿಧಾನವಾಗುತ್ತದೆ. ಲ್ಯಾಪ್‌ಟಾಪ್ ಫ್ಯಾನ್ ಜೋರಾಗಿ ತಿರುಗಲು ಶುರು. ಆಮೇಲೆ ಕನ್ಸೋಲ್‌ನಲ್ಲಿ ‘ಔಟ್ ಆಫ್ ಮೆಮೊರಿ ಎರರ್: ಪರ್ಮ್‌ಜೆನ್ ಸ್ಪೇಸ್’ ಅಂತ ಬರುತ್ತದೆ. ಜಾವಾ 8 ಅಥವಾ ಅದರ ನಂತರದ್ದಾದರೆ ಅದೇ ಜಾಗದಲ್ಲಿ ‘ಮೆಟಾಸ್ಪೇಸ್’ ಅಂತ ಇರುತ್ತದೆ.

ಆಗ ಎಲ್ಲರೂ ಮಾಡುವುದು ಒಂದೇ. ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡುತ್ತಾರೆ. ಪದೇ ಪದೇ ಬಂದರೆ ಮೆಮೊರಿ ಮಿತಿ ಜಾಸ್ತಿ ಮಾಡುತ್ತಾರೆ. ತಂಡಕ್ಕೆ ಹೊಸಬರು ಬಂದಾಗ ‘ಈ ಫ್ಲ್ಯಾಗ್ ಹಾಕ್ಕೊಳ್ಳಿ, ಆಗಾಗ ರೀಸ್ಟಾರ್ಟ್ ಮಾಡ್ತಾ ಇರಿ’ ಅಂತ ಹೇಳಿಕೊಡುತ್ತಾರೆ. ಇವತ್ತು ನಾನು ಹೇಳಬೇಕಾದ ಮಾತು ಇದು: ಆ ಎರರ್ ನಿಮ್ಮ ಕೋಡ್ ಬಗ್ಗೆ ಒಂದು ನಿಜ ಹೇಳುತ್ತಿದೆ. ನಿಮ್ಮ ಅಪ್ಲಿಕೇಶನ್ ಏನನ್ನೋ ಶುರು ಮಾಡಿದೆ, ಅದನ್ನು ನಿಲ್ಲಿಸಿಲ್ಲ. ಮೆಮೊರಿ ಮಿತಿ ಏರಿಸಿದರೆ ಆ ನಿಜ ಸ್ವಲ್ಪ ತಡವಾಗಿ ಹೊರಬರುತ್ತದೆ, ಅಷ್ಟೇ.

ಎಲ್ಲಿ ತುಂಬುತ್ತದೆ?

ಜಾವಾ 7ರವರೆಗೆ, ಜಾವಾ ಕೋಡ್ ಓಡಿಸುವ ಹಾಟ್‌ಸ್ಪಾಟ್ ಜೆವಿಎಂನಲ್ಲಿ ಪರ್ಮನೆಂಟ್ ಜನರೇಶನ್ ಅಂತ ಒಂದು ಜಾಗ ಇತ್ತು. ಅದೇ ಪರ್ಮ್‌ಜೆನ್. ನಾವು ‘ನ್ಯೂ’ ಹಾಕಿ ಮಾಡುವ ಆಬ್ಜೆಕ್ಟ್‌ಗಳು ಅಲ್ಲಿ ಹೋಗುವುದಿಲ್ಲ. ಅಲ್ಲಿರುವುದು ಕ್ಲಾಸ್‌ಗಳ ವಿವರ: ಯಾವ ಮೆಥಡ್, ಯಾವ ಫೀಲ್ಡ್, ಬೈಟ್‌ಕೋಡ್ ಏನು, ಇವೆಲ್ಲ. ಇದಕ್ಕೆ ಸಾಮಾನ್ಯವಾಗಿ ಇದ್ದ ಡಿಫಾಲ್ಟ್ ಮಿತಿ 64 ಎಂಬಿ. 64 ಬಿಟ್ ಯಂತ್ರಗಳಲ್ಲಿ 80 ಎಂಬಿ ದಾಟುತ್ತಿತ್ತು. ಸ್ಪ್ರಿಂಗ್, ಹೈಬರ್ನೇಟ್ ಥರದ ಲೈಬ್ರರಿ ಹಾಕಿದ ಒಂದು ಸಾಧಾರಣ ಅಪ್ಲಿಕೇಶನ್ ಸಾವಿರಾರು ಕ್ಲಾಸ್‌ಗಳನ್ನು ಲೋಡ್ ಮಾಡುತ್ತದೆ. ಸಾಲದ್ದಕ್ಕೆ ಪ್ರಾಕ್ಸಿ ಕ್ಲಾಸ್‌ಗಳು ಓಡುವಾಗಲೇ ಹುಟ್ಟುತ್ತವೆ. ಜೆಎಸ್‌ಪಿ ಇದ್ದರೆ ಪ್ರತಿ ಪೇಜ್ ಕೂಡ ಒಂದು ಕ್ಲಾಸ್. ಇಂಥ ಅಪ್ಲಿಕೇಶನ್‌ನ ಕೆಲವೇ ಪ್ರತಿಗಳು ಒಟ್ಟಿಗೆ ಉಳಿದುಕೊಂಡರೆ ಸಾಕು, ಆ ಜಾಗ ಭರ್ತಿ.

ಆದರೆ ಹಳೆಯ ಪ್ರತಿ ಉಳಿಯಬೇಕಾದದ್ದೇ ಇಲ್ಲ ಅಲ್ವಾ? ಅನ್‌ಡಿಪ್ಲಾಯ್ ಆದ ಮೇಲೆ ಬೇಡದ ಮೆಮೊರಿ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ (ಜಿಸಿ) ಬಂದು ತೆಗೆದುಕೊಂಡು ಹೋಗಬೇಕು. ಯಾಕೆ ಹೋಗುವುದಿಲ್ಲ ಅನ್ನುವುದಕ್ಕೆ ಉತ್ತರ, ಕ್ಲಾಸ್‌ಗಳನ್ನು ಮೆಮೊರಿಗೆ ತರುವ ಕ್ಲಾಸ್‌ಲೋಡರ್‌ನಲ್ಲಿದೆ.

ಟಾಮ್‌ಕ್ಯಾಟ್ ಪ್ರತಿ ವೆಬ್ ಅಪ್ಲಿಕೇಶನ್‌ಗೂ ಒಂದೊಂದು ಪ್ರತ್ಯೇಕ ಕ್ಲಾಸ್‌ಲೋಡರ್ ಕೊಡುತ್ತದೆ. ಒಂದೇ ಸರ್ವರ್‌ನಲ್ಲಿ ಒಂದು ಅಪ್ಲಿಕೇಶನ್ ಹಳೆಯ ಸ್ಪ್ರಿಂಗ್, ಇನ್ನೊಂದು ಹೊಸ ಸ್ಪ್ರಿಂಗ್ ಇಟ್ಟುಕೊಂಡು ಜಗಳವಿಲ್ಲದೆ ಇರುವುದು ಇದರಿಂದಲೇ. ರೀಡಿಪ್ಲಾಯ್ ಅಂದರೆ ಹಳೆಯ ಲೋಡರ್ ಬಿಟ್ಟು ಹೊಸ ಲೋಡರ್ ಮಾಡಿ, ಎಲ್ಲ ಕ್ಲಾಸ್‌ಗಳನ್ನೂ ಅದರ ಮೂಲಕ ಮತ್ತೆ ಲೋಡ್ ಮಾಡುವುದು. ಜೆವಿಎಂ ಲೆಕ್ಕದಲ್ಲಿ ಒಂದು ಕ್ಲಾಸ್‌ನ ಗುರುತು ಅದರ ಹೆಸರು ಮಾತ್ರ ಅಲ್ಲ, ಹೆಸರು ಮತ್ತು ಲೋಡರ್ ಎರಡೂ ಸೇರಿ. ಒಂದೇ ಹೆಸರಿನ ಕ್ಲಾಸನ್ನು ಅದೇ ಹೆಸರಿನ ಕ್ಲಾಸ್‌ಗೆ ಕ್ಯಾಸ್ಟ್ ಮಾಡಲು ಬರುವುದಿಲ್ಲ ಅನ್ನುವ ವಿಚಿತ್ರ ಎರರ್ ನೋಡಿದ್ದರೆ, ಅದರ ಹಿಂದೆ ಇದೇ ಕಾರಣ ಇರುತ್ತದೆ.

ಈಗ ಸರಪಳಿ ನೋಡಿ. ಪ್ರತಿ ಆಬ್ಜೆಕ್ಟ್‌ಗೂ ತನ್ನ ಕ್ಲಾಸ್ ಗೊತ್ತು. ಪ್ರತಿ ಕ್ಲಾಸ್‌ಗೂ ತನ್ನ ಲೋಡರ್ ಗೊತ್ತು. ಲೋಡರ್‌ಗೆ ತಾನು ಲೋಡ್ ಮಾಡಿದ ಎಲ್ಲ ಕ್ಲಾಸ್‌ಗಳೂ ಗೊತ್ತು. ಪ್ರತಿ ಕ್ಲಾಸ್ ತನ್ನ ಸ್ಟ್ಯಾಟಿಕ್ ಫೀಲ್ಡ್‌ಗಳನ್ನು ಹಿಡಿದಿರುತ್ತದೆ. ಅವುಗಳಲ್ಲಿ ನಿಮ್ಮ ಕ್ಯಾಶ್, ನಿಮ್ಮ ಸಿಂಗಲ್‌ಟನ್, ನಿಮ್ಮ ಕಾನ್ಫಿಗರೇಶನ್ ಎಲ್ಲ ಇರುತ್ತವೆ. ಕುಂಬಳ ಬಳ್ಳಿಯ ಒಂದು ಎಲೆ ಹಿಡಿದು ಎಳೆದರೆ ಇಡೀ ಬಳ್ಳಿ ಹಿಂದೆಯೇ ಬರುತ್ತದಲ್ಲ, ಹಾಗೆ. ಅಪ್ಲಿಕೇಶನ್‌ನ ಹೊರಗಿರುವ ಯಾರಾದರೂ ಅದರ ಒಂದೇ ಒಂದು ಸಣ್ಣ ಆಬ್ಜೆಕ್ಟನ್ನು ಹಿಡಿದುಕೊಂಡಿದ್ದರೂ ಇಡೀ ಅಪ್ಲಿಕೇಶನ್ ಮೆಮೊರಿಯಲ್ಲೇ ಉಳಿಯುತ್ತದೆ. ಹೀಗೆ ಬೇಡದ್ದು ಮೆಮೊರಿಯಲ್ಲೇ ಉಳಿಯುವುದಕ್ಕೆ ಲೀಕ್ ಅನ್ನುತ್ತಾರೆ. ಸಾಮಾನ್ಯ ಲೀಕ್‌ನಲ್ಲಿ ಮೆಮೊರಿ ಹನಿ ಹನಿಯಾಗಿ ಹೋಗುತ್ತದೆ. ಇಲ್ಲಿ ಒಂದೊಂದು ರೀಡಿಪ್ಲಾಯ್‌ಗೂ ಇಡೀ ಅಪ್ಲಿಕೇಶನ್ ತೂಕದಷ್ಟು ಹೋಗುತ್ತದೆ.

ಯಾರು ಹಿಡಿದುಕೊಂಡಿರುತ್ತಾರೆ?

ಮೊದಲನೆಯ ಅನುಮಾನ ಡೇಟಾಬೇಸ್‌ಗೆ ಸಂಪರ್ಕ ಕೊಡುವ ಜೆಡಿಬಿಸಿ ಡ್ರೈವರ್ ಮೇಲೆ. ಡ್ರೈವರ್ ಲೋಡ್ ಆದ ಕೂಡಲೇ ತನ್ನನ್ನು ಡ್ರೈವರ್‌ಮ್ಯಾನೇಜರ್‌ನಲ್ಲಿ ನೋಂದಾಯಿಸಿಕೊಳ್ಳುತ್ತದೆ. ಡ್ರೈವರ್‌ಮ್ಯಾನೇಜರ್ ಜಾವಾದ ಸ್ವಂತ ಕ್ಲಾಸ್, ಜೆವಿಎಂ ಇರುವವರೆಗೂ ಇರುತ್ತದೆ. ಡ್ರೈವರ್‌ನ ಜಾರ್ (ಲೈಬ್ರರಿ ಫೈಲ್) ನಿಮ್ಮ ವಾರ್ ಫೈಲ್ (ಅಪ್ಲಿಕೇಶನ್‌ನ ಪ್ಯಾಕೇಜ್) ಒಳಗಿದ್ದರೆ ಆ ಡ್ರೈವರ್ ನಿಮ್ಮ ಲೋಡರ್‌ನ ಕೂಸು. ನೋಂದಣಿ ತೆಗೆಯದಿದ್ದರೆ ಸರಪಳಿ ಬಿತ್ತು.

ಎರಡನೆಯದು ಥ್ರೆಡ್, ಅಂದರೆ ಪ್ರೋಗ್ರಾಮ್ ಒಳಗೆ ಪ್ರತ್ಯೇಕವಾಗಿ ಓಡುವ ಕೆಲಸದ ಎಳೆ. ಓಡುತ್ತಿರುವ ಥ್ರೆಡ್ಡನ್ನು ಜಿಸಿ ಎಂದೂ ಮುಟ್ಟುವುದಿಲ್ಲ. ನೀವು ಸ್ಟ್ಯಾಟಿಕ್ ಬ್ಲಾಕ್‌ನಲ್ಲಿ ಒಂದು ಟೈಮರ್ ಶುರು ಮಾಡಿದ್ದೀರಿ, ಅಥವಾ ಎಕ್ಸಿಕ್ಯೂಟರ್ ಮಾಡಿಕೊಂಡು ಮುಚ್ಚುವುದು ಮರೆತಿದ್ದೀರಿ ಅಂದುಕೊಳ್ಳಿ. ಆ ಥ್ರೆಡ್ ನಿಮ್ಮ ಕೋಡ್ ಓಡಿಸುತ್ತಿದೆ ಅನ್ನುವುದು ಒಂದು. ಅದು ಹುಟ್ಟಿದಾಗ ತನ್ನನ್ನು ಹುಟ್ಟಿಸಿದ ಥ್ರೆಡ್‌ನಿಂದ ಕಾಂಟೆಕ್ಸ್ಟ್ ಕ್ಲಾಸ್‌ಲೋಡರ್ ಪಡೆದುಕೊಂಡಿರುತ್ತದೆ ಅನ್ನುವುದು ಇನ್ನೊಂದು. ಈ ಎರಡನೇ ಕೊಂಡಿ ಎಷ್ಟೋ ಜನರ ಕಣ್ಣಿಗೆ ಬೀಳುವುದಿಲ್ಲ. ಥ್ರೆಡ್‌ನಲ್ಲಿ ಓಡುವ ಕೋಡ್ ಪೂರ್ತಿ ಜಾವಾದ್ದೇ ಆಗಿದ್ದರೂ, ಅದನ್ನು ಮೊದಲ ಸಲ ಎಬ್ಬಿಸಿದ್ದು ನಿಮ್ಮ ಅಪ್ಲಿಕೇಶನ್ ಆಗಿದ್ದರೆ ನಿಮ್ಮ ಲೋಡರ್ ಅದಕ್ಕೆ ಅಂಟಿಕೊಳ್ಳಬಹುದು. ಟಾಮ್‌ಕ್ಯಾಟ್‌ನಲ್ಲಿ ಇದಕ್ಕೇ ಅಂತ ಒಂದು ಲಿಸನರ್ ಇದೆ. ಜೆಆರ್‌ಇ ಮೆಮೊರಿ ಲೀಕ್ ಪ್ರಿವೆನ್ಷನ್ ಲಿಸನರ್ ಅಂತ ಅದರ ಹೆಸರು. ಜಾವಾದ ಒಳಗಿನ ಇಂಥ ಭಾಗಗಳನ್ನು ಅಪ್ಲಿಕೇಶನ್‌ಗಳು ಮುಟ್ಟುವ ಮೊದಲೇ ಅದು ಸರ್ವರ್‌ನ ಲೋಡರ್‌ನಲ್ಲಿ ಎಬ್ಬಿಸಿಬಿಡುತ್ತದೆ. ‘ಸರ್ವರ್ ಡಾಟ್ ಎಕ್ಸ್‌ಎಂಎಲ್’ ಸ್ವಚ್ಛ ಮಾಡುವ ಉತ್ಸಾಹದಲ್ಲಿ ಆ ಸಾಲನ್ನು ಅಳಿಸಬೇಡಿ.

ಮೂರನೆಯದು ಥ್ರೆಡ್‌ಲೋಕಲ್, ಅಂದರೆ ಪ್ರತಿ ಥ್ರೆಡ್‌ಗೂ ಅದರದ್ದೇ ಒಂದು ಮೌಲ್ಯ ಇಟ್ಟುಕೊಡುವ ಸಾಧನ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಚೆನ್ನಾಗಿ ಓದಿಕೊಂಡವರೂ ಇಲ್ಲಿ ಎಡವುತ್ತಾರೆ.

ಪ್ರತಿ ಥ್ರೆಡ್ ಒಳಗೂ ಒಂದು ಮ್ಯಾಪ್ ಇರುತ್ತದೆ. ಅದರಲ್ಲಿ ಕೀ ಅಂದರೆ ಥ್ರೆಡ್‌ಲೋಕಲ್ ಆಬ್ಜೆಕ್ಟ್, ವ್ಯಾಲ್ಯೂ ಅಂದರೆ ನೀವು ಇಟ್ಟ ವಸ್ತು. ಕೀಯನ್ನು ಮ್ಯಾಪ್ ವೀಕ್ ರೆಫರೆನ್ಸ್ ಮೂಲಕ ಹಿಡಿದಿರುತ್ತದೆ. ಬೇರೆ ಯಾರೂ ಹಿಡಿದಿಲ್ಲದಿದ್ದರೆ ಜಿಸಿ ಆ ಕೀ ತೆಗೆಯಬಹುದು. ಇಷ್ಟು ಓದಿದವರು ‘ಹಾಗಾದರೆ ಲೀಕ್ ಆಗಲ್ಲ’ ಅಂತ ತೀರ್ಮಾನ ಮಾಡುತ್ತಾರೆ. ಆದರೆ ವ್ಯಾಲ್ಯೂವನ್ನು ಮ್ಯಾಪ್ ಗಟ್ಟಿಯಾಗಿಯೇ ಹಿಡಿದಿರುತ್ತದೆ. ನೀವು ಇಟ್ಟದ್ದು ನಿಮ್ಮದೇ ಕ್ಲಾಸ್‌ನ ಆಬ್ಜೆಕ್ಟ್, ಉದಾಹರಣೆಗೆ ಯೂಸರ್‌ಕಾಂಟೆಕ್ಸ್ಟ್, ಅಂದುಕೊಳ್ಳಿ. ಅದು ತನ್ನ ಕ್ಲಾಸ್ ಹಿಡಿದಿದೆ. ಕ್ಲಾಸ್ ಲೋಡರನ್ನು ಹಿಡಿದಿದೆ. ಲೋಡರ್ ಎಲ್ಲ ಕ್ಲಾಸ್‌ಗಳನ್ನೂ ಹಿಡಿದಿದೆ. ಆ ಕ್ಲಾಸ್‌ಗಳಲ್ಲೊಂದರ ಸ್ಟ್ಯಾಟಿಕ್ ಫೀಲ್ಡ್‌ನಲ್ಲೇ ನಿಮ್ಮ ಥ್ರೆಡ್‌ಲೋಕಲ್ ಕೂತಿದೆ. ಅಂದರೆ ವ್ಯಾಲ್ಯೂ ಸುತ್ತಿ ಬಳಸಿ ತನ್ನ ಕೀಯನ್ನೇ ಜೀವಂತ ಇಟ್ಟಿದೆ! ಕೀ ವೀಕ್ ಆಗಿದ್ದರಿಂದ ಏನೂ ಪ್ರಯೋಜನ ಆಗಲಿಲ್ಲ.

ಸಾಧಾರಣ ಥ್ರೆಡ್ ಆಗಿದ್ದರೆ ಕೆಲಸ ಮುಗಿದ ಮೇಲೆ ಸಾಯುತ್ತದೆ, ಅದರ ಮ್ಯಾಪ್ ಕೂಡ ಹೋಗುತ್ತದೆ. ವೆಬ್ ಸರ್ವರ್‌ನಲ್ಲಿ ಹಾಗಲ್ಲ. ರಿಕ್ವೆಸ್ಟ್ ನೋಡಿಕೊಳ್ಳುವ ಥ್ರೆಡ್‌ಗಳು ಟಾಮ್‌ಕ್ಯಾಟ್‌ನ ಪೂಲ್‌ಗೆ ಸೇರಿದವು. ಅವು ಒಂದು ಅಪ್ಲಿಕೇಶನ್‌ನ ರಿಕ್ವೆಸ್ಟ್ ಮುಗಿಸಿ ಇನ್ನೊಂದಕ್ಕೆ ಹೋಗುತ್ತವೆ, ನಿಮ್ಮ ಅಪ್ಲಿಕೇಶನ್ ಹೋದ ಮೇಲೂ ಇರುತ್ತವೆ. ಹಾಗಾಗಿ ಥ್ರೆಡ್‌ಲೋಕಲ್‌ನಲ್ಲಿ ಏನಾದರೂ ಇಟ್ಟರೆ ಅದೇ ರಿಕ್ವೆಸ್ಟ್‌ನಲ್ಲಿ ‘ರಿಮೂವ್’ ಕರೆಯಲೇಬೇಕು. ಅದೂ ‘ಫೈನಲಿ’ ಬ್ಲಾಕ್‌ನಲ್ಲಿ. ಸರ್ವ್‌ಲೆಟ್ ಫಿಲ್ಟರ್ ಇದಕ್ಕೆ ಸರಿಯಾದ ಜಾಗ. ಇದರಲ್ಲಿ ಮೆಮೊರಿಗಿಂತ ದೊಡ್ಡ ಮಾತು ಒಂದಿದೆ. ಹಿಂದಿನ ಬಳಕೆದಾರರ ಮಾಹಿತಿ ಥ್ರೆಡ್‌ನಲ್ಲಿ ಉಳಿದು, ಮುಂದಿನ ಬಳಕೆದಾರರ ರಿಕ್ವೆಸ್ಟ್‌ಗೆ ಕಾಣಿಸಿಕೊಂಡರೆ ಏನಾಗಬಹುದು ಯೋಚಿಸಿ. ಡೆವಲಪ್‌ಮೆಂಟ್‌ನಲ್ಲಿ ಕಂಡ ಆ ಮೆಮೊರಿ ಎರರ್ ಹೀಗೆ ಒಂದು ಭದ್ರತೆಯ ಹುಳುಕನ್ನು ತೋರಿಸುತ್ತಿರಬಹುದು.

ಇನ್ನು ಶಟ್‌ಡೌನ್ ಹುಕ್, ಸರ್ವರ್‌ನ ಲಿಬ್ ಫೋಲ್ಡರ್‌ನಲ್ಲಿಟ್ಟ ಲೈಬ್ರರಿಗಳ ಕ್ಯಾಶ್, ಜೆಎಂಎಕ್ಸ್ (ಓಡುತ್ತಿರುವ ಅಪ್ಲಿಕೇಶನ್ ಮೇಲೆ ಕಣ್ಣಿಡುವ ವ್ಯವಸ್ಥೆ) ನೋಂದಣಿ ಇಂಥವೂ ಇವೆ. ಎಲ್ಲದರ ಸ್ವರೂಪ ಒಂದೇ: ಜಾಸ್ತಿ ದಿನ ಬದುಕುವವನ ಕೈಯಲ್ಲಿ ಕಡಿಮೆ ದಿನ ಬದುಕುವವನ ವಸ್ತು ಉಳಿದುಬಿಟ್ಟಿದೆ.

ಟಾಮ್‌ಕ್ಯಾಟ್ ಹೇಳುತ್ತಲೇ ಇರುತ್ತದೆ

2010ರಲ್ಲಿ ಬಂದ ಟಾಮ್‌ಕ್ಯಾಟ್ 6.0.24ರಿಂದ ಇಂಥ ಲೀಕ್‌ಗಳನ್ನು ಪತ್ತೆ ಮಾಡುವ ವ್ಯವಸ್ಥೆ ಸರ್ವರ್ ಒಳಗೇ ಇದೆ. ಅನ್‌ಡಿಪ್ಲಾಯ್ ಮಾಡುವಾಗ ಲಾಗ್ ಓದಿ ನೋಡಿ. ಈ ಅಪ್ಲಿಕೇಶನ್ ಇಂಥ ಜೆಡಿಬಿಸಿ ಡ್ರೈವರ್ ನೋಂದಾಯಿಸಿತ್ತು, ತೆಗೆಯಲಿಲ್ಲ, ನಾನೇ ಬಲವಂತವಾಗಿ ತೆಗೆದಿದ್ದೇನೆ ಅಂತ ಒಂದು ಸಾಲು ಇರುತ್ತದೆ. ಇಂಥ ಹೆಸರಿನ ಥ್ರೆಡ್ ಶುರು ಮಾಡಿ ನಿಲ್ಲಿಸಿಲ್ಲ, ಲೀಕ್ ಆಗುವ ಸಾಧ್ಯತೆ ತುಂಬಾ ಇದೆ ಅಂತ ಇನ್ನೊಂದು. ಇಷ್ಟು ಸ್ಪಷ್ಟವಾಗಿ ಕಾರಣ ಹೇಳುವ ಸಾಫ್ಟ್‌ವೇರ್ ಕಡಿಮೆ. ಆದರೂ ಇವು ಲಾಗ್‌ನ ಗದ್ದಲದಲ್ಲಿ ಹಾಗೇ ಹೋಗಿಬಿಡುತ್ತವೆ. ನನಗೆ ನಿಜಕ್ಕೂ ಬೇಸರ ಆಗುವುದು ಇದಕ್ಕೆ.

ಥ್ರೆಡ್‌ಗಳನ್ನು ಟಾಮ್‌ಕ್ಯಾಟ್ ತಾನಾಗಿ ಕೊಲ್ಲುವುದಿಲ್ಲ. ಅದಕ್ಕೆ ಸೆಟ್ಟಿಂಗ್ ಇದೆ, ಆದರೆ ಡಿಫಾಲ್ಟ್ ಆಗಿ ಆಫ್. ಅದು ಸರಿಯಾದ ನಿರ್ಧಾರ. ಓಡುತ್ತಿರುವ ಥ್ರೆಡ್ಡನ್ನು ಮಧ್ಯದಲ್ಲಿ ಕೊಂದರೆ ಡೇಟಾ ಅರ್ಧಂಬರ್ಧ ಸ್ಥಿತಿಯಲ್ಲಿ ಉಳಿಯಬಹುದು. ಜಾವಾ 20ರಿಂದಂತೂ ಥ್ರೆಡ್‌ನ ‘ಸ್ಟಾಪ್’ ಮೆಥಡ್ ಕೆಲಸವನ್ನೇ ಮಾಡುವುದಿಲ್ಲ, ಕರೆದರೆ ಎಕ್ಸೆಪ್ಷನ್ ಎಸೆಯುತ್ತದೆ.

ಇನ್ನೊಂದು ಸಂಗತಿ. ಹೊಸ ಜಾವಾಗಳಲ್ಲಿ ಥ್ರೆಡ್‌ಲೋಕಲ್ ಮ್ಯಾಪ್ ಒಳಗೆ ಇಣುಕಲು ಟಾಮ್‌ಕ್ಯಾಟ್‌ಗೆ ‘ಆ್ಯಡ್ ಓಪನ್ಸ್’ ಆಯ್ಕೆ (ಜಾವಾದ ಒಳಭಾಗ ನೋಡಲು ಅನುಮತಿ) ಬೇಕು. ಟಾಮ್‌ಕ್ಯಾಟ್‌ನ ಸ್ವಂತ ಸ್ಕ್ರಿಪ್ಟ್‌ನಿಂದ ಶುರು ಮಾಡಿದರೆ ಅದು ತಾನೇ ಸೇರಿಕೊಳ್ಳುತ್ತದೆ. ಎಕ್ಲಿಪ್ಸ್ ಥರದ ಐಡಿಇ ಆ ಸ್ಕ್ರಿಪ್ಟ್ ಬಳಸದೆ ನೇರವಾಗಿ ಶುರು ಮಾಡಿದರೆ ಇದು ತಪ್ಪಿಹೋಗಬಹುದು, ಆಗ ಪತ್ತೆಯೂ ಆಗುವುದಿಲ್ಲ. ಆ್ಯಡ್ ಓಪನ್ಸ್ ಬೇಕು ಅಂತ ಲಾಗ್‌ನಲ್ಲಿ ಬಂದರೆ ಅದನ್ನು ರನ್ ಕಾನ್ಫಿಗರೇಶನ್‌ಗೆ ಸೇರಿಸಿಕೊಳ್ಳಿ.

ಜಾವಾ 8 ಬಂದು ಏನಾಯಿತು?

2014ರ ಮಾರ್ಚ್‌ನಲ್ಲಿ ಜಾವಾ 8 ಬಂತು, ಪರ್ಮ್‌ಜೆನ್ ಹೋಯಿತು. ಅದರ ಜಾಗಕ್ಕೆ ಮೆಟಾಸ್ಪೇಸ್ ಬಂತು. ಇದು ಆಬ್ಜೆಕ್ಟ್‌ಗಳು ಇರುವ ಜಾವಾ ಹೀಪ್‌ನ ಹೊರಗೆ, ಆಪರೇಟಿಂಗ್ ಸಿಸ್ಟಂನಿಂದ ನೇರವಾಗಿ ಪಡೆದ ಮೆಮೊರಿ. ಡಿಫಾಲ್ಟ್ ಆಗಿ ಇದಕ್ಕೆ ಮೇಲ್ಮಿತಿ ಇಲ್ಲ. ‘ಪರ್ಮ್‌ಜೆನ್ ಸಮಸ್ಯೆ ಪರಿಹಾರ ಆಯ್ತು’ ಅಂತ ಎಷ್ಟೋ ಜನ ಖುಷಿಪಟ್ಟರು. ಒಂದು ಅರ್ಥದಲ್ಲಿ ನಿಜ. ಲೀಕ್ ಇಲ್ಲದಿದ್ದರೂ ಬರೀ ಮಿತಿ ಚಿಕ್ಕದು ಅನ್ನುವ ಕಾರಣಕ್ಕೆ ಬೀಳುತ್ತಿದ್ದ ದೊಡ್ಡ ಅಪ್ಲಿಕೇಶನ್‌ಗಳು ಬೀಳುವುದು ನಿಂತಿತು. ಆದರೆ ಕ್ಲಾಸ್‌ಲೋಡರ್ ಲೀಕ್ ಇದ್ದಲ್ಲೇ ಇದೆ. ಸರಪಳಿಯ ಒಂದು ಕೊಂಡಿಯೂ ಕಳಚಿಲ್ಲ. ಮೊದಲು ಬೇಗ ಸಿಕ್ಕಿಬೀಳುತ್ತಿದ್ದ ತಪ್ಪು ಈಗ ಯಂತ್ರದ ಮೆಮೊರಿಯನ್ನೆಲ್ಲ ನುಂಗುವವರೆಗೆ ಸುಮ್ನೆ ಇರುತ್ತದೆ. ಕಂಟೇನರ್ ಒಳಗೆ ಓಡಿಸುತ್ತಿದ್ದರೆ ಜಾವಾ ಎರರ್ ಕೂಡ ಕಾಣಿಸದೆ ಹೋಗಬಹುದು. ಕರ್ನಲ್ ನೇರವಾಗಿ ಪ್ರೋಸೆಸ್ ಕೊಲ್ಲುತ್ತದೆ, ನಿಮಗೆ ಉಳಿಯುವುದು 137 ಅನ್ನುವ ಎಕ್ಸಿಟ್ ಕೋಡ್ ಮಾತ್ರ.

ಹಾಗಾಗಿ ನನ್ನ ಸಲಹೆ ಸಾಮಾನ್ಯ ಸಲಹೆಗೆ ಉಲ್ಟಾ. ಡೆವಲಪ್‌ಮೆಂಟ್ ಯಂತ್ರದಲ್ಲಿ ಮ್ಯಾಕ್ಸ್ ಮೆಟಾಸ್ಪೇಸ್ ಸೈಜ್ ಬೇಕಂತಲೇ ಚಿಕ್ಕದಾಗಿ ಇಡಿ. ಅಪ್ಲಿಕೇಶನ್‌ನ ಒಂದು ಪ್ರತಿ ಆರಾಮಾಗಿ ಹಿಡಿಸಿ, ಇನ್ನೂ ಒಂದೆರಡಕ್ಕೆ ಜಾಗ ಇದ್ದರೆ ಸಾಕು. ಲೀಕ್ ಬಂದ ದಿನವೇ ಗೊತ್ತಾಗುತ್ತದೆ. ಆ ದಿನ ಯಾವ ಕೋಡ್ ಸೇರಿತು ಅಂತ ನೆನಪಿರುತ್ತದೆ. ಆರು ತಿಂಗಳ ಮೇಲೆ ಪ್ರೊಡಕ್ಷನ್‌ನಲ್ಲಿ ಹುಡುಕುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಹಳೆಯ ಪ್ರಾಜೆಕ್ಟ್‌ಗಳಲ್ಲಿ ಇನ್ನೂ ಮ್ಯಾಕ್ಸ್ ಪರ್ಮ್ ಸೈಜ್ ಫ್ಲ್ಯಾಗ್ ಉಳಿದಿರುತ್ತದೆ. ಜಾವಾ 8 ಅದನ್ನು ಎಚ್ಚರಿಕೆ ಕೊಟ್ಟು ಕಡೆಗಣಿಸುತ್ತದೆ. ಜಾವಾ 17ರಲ್ಲಿ ಅದು ಇದ್ದರೆ ಜೆವಿಎಂ ಮೇಲೇಳುವುದೇ ಇಲ್ಲ. ಸಿಎಂಎಸ್ ಅನ್ನುವ ಹಳೆಯ ಜಿಸಿಯ ಕ್ಲಾಸ್ ಅನ್‌ಲೋಡಿಂಗ್ ಫ್ಲ್ಯಾಗ್ ಕೂಡ ಹೀಗೇ ಕಾಪಿ ಆಗುತ್ತಾ ಬಂದದ್ದು. ಸಿಎಂಎಸ್ ಕಲೆಕ್ಟರ್ ಬಳಸುತ್ತಿದ್ದವರಿಗೆ ಆ ಕಾಲದಲ್ಲಿ ಅದಕ್ಕೆ ಅರ್ಥ ಇತ್ತು. ಬೇರೆಯವರಿಗೆ ಏನೂ ಇರಲಿಲ್ಲ. ಸಿಎಂಎಸ್ಸೇ ಜಾವಾ 14ರಲ್ಲಿ ಹೋಯಿತು.

ಹುಡುಕುವುದು ಹೇಗೆ?

ಅಪ್ಲಿಕೇಶನ್ನನ್ನು ಡಿಪ್ಲಾಯ್ ಮಾಡಿ, ನಾಲ್ಕು ಪೇಜ್ ತೆರೆದು ನಿಜವಾಗಿ ಬಳಸಿ. ಥ್ರೆಡ್‌ಲೋಕಲ್ ಲೀಕ್ ಬಳಸದೆ ಕಾಣಿಸುವುದಿಲ್ಲ. ಆಮೇಲೆ ಅನ್‌ಡಿಪ್ಲಾಯ್ ಮಾಡಿ. ಟಾಮ್‌ಕ್ಯಾಟ್ ಮ್ಯಾನೇಜರ್ ಪೇಜ್‌ನಲ್ಲಿ ‘ಫೈಂಡ್ ಲೀಕ್ಸ್’ ಬಟನ್ ಇದೆ, ಒತ್ತಿ. ಅದು ಒಂದು ಪೂರ್ತಿ ಜಿಸಿ ನಡೆಸಿ, ನಿಲ್ಲಿಸಿದ ಮೇಲೂ ಮೆಮೊರಿಯಲ್ಲಿ ಉಳಿದಿರುವ ಅಪ್ಲಿಕೇಶನ್‌ಗಳ ಹೆಸರು ಹೇಳುತ್ತದೆ. ಪೂರ್ತಿ ಜಿಸಿ ಆದ್ದರಿಂದ ಪ್ರೊಡಕ್ಷನ್‌ನಲ್ಲಿ ಯೋಚಿಸಿ ಒತ್ತಿ.

ಹೆಸರು ಬಂದರೆ ಹೀಪ್ ಡಂಪ್ (ಆ ಕ್ಷಣದ ಹೀಪ್‌ನ ನಕಲು) ತೆಗೆಯಿರಿ. ಜೆಡಿಕೆ ಜೊತೆ ಬರುವ ಜೆಸಿಎಂಡಿ ಅಥವಾ ಜೆಮ್ಯಾಪ್ ಸಾಕು. ಡಂಪನ್ನು ಎಕ್ಲಿಪ್ಸ್ ಮೆಮೊರಿ ಅನಲೈಜರ್‌ನಲ್ಲಿ ತೆರೆಯಿರಿ. ವೆಬ್‌ಆ್ಯಪ್ ಕ್ಲಾಸ್‌ಲೋಡರ್ ಅಂತ ಹುಡುಕಿ. ಟಾಮ್‌ಕ್ಯಾಟ್ 8.5ರಿಂದ ಈಚೆಗೆ ಸಾಮಾನ್ಯವಾಗಿ ಅದರ ಹೆಸರಿನ ಮುಂದೆ ‘ಪ್ಯಾರಲಲ್’ ಸೇರಿರುತ್ತದೆ. ಅದರ ಸ್ಥಿತಿ ತೋರಿಸುವ ಫೀಲ್ಡ್ ನೋಡಿ. ನಿಂತಿದೆ ಅಥವಾ ನಾಶವಾಗಿದೆ ಅಂತ ಇದ್ದೂ ಇನ್ನೂ ಮೆಮೊರಿಯಲ್ಲಿದ್ದರೆ ಅದೇ ನಮ್ಮ ಲೋಡರ್. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಜಿಸಿ ರೂಟ್‌ವರೆಗಿನ ದಾರಿ, ಅಂದರೆ ಅದನ್ನು ಕೊನೆಗೆ ಯಾರು ಹಿಡಿದಿದ್ದಾರೆ ಅನ್ನುವ ಸರಪಳಿ, ಕೇಳಿ. ವೀಕ್, ಸಾಫ್ಟ್, ಫ್ಯಾಂಟಮ್ ರೆಫರೆನ್ಸ್‌ಗಳನ್ನು ಬಿಟ್ಟು ಅಂತ ಆರಿಸಿಕೊಳ್ಳಿ. ಇಲ್ಲದಿದ್ದರೆ ನಿರಪರಾಧಿಗಳ ದೊಡ್ಡ ಪಟ್ಟಿ ಬರುತ್ತದೆ.

ನಾವು ಇವತ್ತು ತೆರೆದು ನೋಡಿದ ಡಂಪ್‌ನಲ್ಲಿ ದಾರಿಯ ತುದಿಯಲ್ಲಿ ಸಿಕ್ಕಿದ್ದು ಒಂದು ಥ್ರೆಡ್. ಅದರ ಹೆಸರಿನಲ್ಲೇ ಮೈಎಸ್‌ಕ್ಯೂಎಲ್, ಅಬ್ಯಾಂಡನ್ಡ್ ಕನೆಕ್ಷನ್ ಕ್ಲೀನಪ್ ಅಂತ ಇತ್ತು. ಮೈಎಸ್‌ಕ್ಯೂಎಲ್ ಡ್ರೈವರ್ ತಾನೇ ಎಬ್ಬಿಸುವ ಥ್ರೆಡ್ ಅದು. ಡ್ರೈವರ್ ಜಾರ್ ವಾರ್ ಒಳಗಿತ್ತು. ಡ್ರೈವರ್‌ನ ನೋಂದಣಿಯನ್ನು ಟಾಮ್‌ಕ್ಯಾಟ್ ತೆಗೆದಿತ್ತು, ಆದರೆ ಈ ಥ್ರೆಡ್ ಉಳಿದಿತ್ತು. ಪರಿಹಾರ ಎರಡು. ಅಪ್ಲಿಕೇಶನ್ ನಿಲ್ಲುವಾಗ ಆ ಕ್ಲಾಸ್‌ನ ‘ಚೆಕ್ಡ್ ಶಟ್‌ಡೌನ್’ ಮೆಥಡ್ ಕರೆಯುವುದು ಒಂದು. ಡ್ರೈವರ್ ಜಾರನ್ನು ಟಾಮ್‌ಕ್ಯಾಟ್‌ನ ಲಿಬ್ ಫೋಲ್ಡರ್‌ಗೆ ಸಾಗಿಸಿ, ಡೇಟಾಸೋರ್ಸನ್ನು ಸರ್ವರ್‌ನಿಂದಲೇ ಜೆಎನ್‌ಡಿಐ (ಹೆಸರು ಹೇಳಿ ವಸ್ತು ಹುಡುಕುವ ವ್ಯವಸ್ಥೆ) ಮೂಲಕ ಪಡೆಯುವುದು ಇನ್ನೊಂದು. ನನಗೆ ಎರಡನೆಯದು ಇಷ್ಟ. ಡ್ರೈವರ್ ಸರ್ವರ್‌ನಷ್ಟೇ ಕಾಲ ಬದುಕುವುದಾದರೆ ಅದು ಸರ್ವರ್‌ನ ಲೋಡರ್‌ನಲ್ಲೇ ಇರಲಿ.

ನಿಲ್ಲಿಸುವ ಕೋಡ್ ಬರೆಯಲು ಸರ್ವ್‌ಲೆಟ್ ಕಾಂಟೆಕ್ಸ್ಟ್ ಲಿಸನರ್ ಇದೆ. ಶುರುವಾದಾಗ ಕರೆಯುವ ಮೆಥಡ್ ಎಲ್ಲರೂ ತುಂಬುತ್ತಾರೆ, ‘ಕಾಂಟೆಕ್ಸ್ಟ್ ಡಿಸ್ಟ್ರಾಯ್ಡ್’ ಖಾಲಿ ಇರುತ್ತದೆ. ಅಲ್ಲಿ ಟೈಮರ್‌ಗೆ ಕ್ಯಾನ್ಸಲ್, ಎಕ್ಸಿಕ್ಯೂಟರ್‌ಗೆ ಶಟ್‌ಡೌನ್ ಹಾಕಿ, ಅದು ನಿಜವಾಗಿ ನಿಲ್ಲುವವರೆಗೆ ಸ್ವಲ್ಪ ಹೊತ್ತು ಕಾಯಿರಿ. ಬರೀ ಶಟ್‌ಡೌನ್ ಕರೆದು ಮುಂದೆ ಹೋದರೆ ಮಧ್ಯದಲ್ಲಿರುವ ಕೆಲಸ ನಿಂತಿರುವುದಿಲ್ಲ. ಡ್ರೈವರ್‌ಗಳ ನೋಂದಣಿ ತೆಗೆಯುವಾಗ ನಿಮ್ಮ ಲೋಡರ್‌ನಿಂದ ಬಂದವನ್ನು ಮಾತ್ರ ತೆಗೆಯಿರಿ. ಸ್ಪ್ರಿಂಗ್ ಬಳಸುವವರು ಥ್ರೆಡ್ ಪೂಲ್‌ಗಳನ್ನು ಬೀನ್ ಆಗಿ ಮಾಡಿದರೆ ಬಹುಪಾಲು ಕೆಲಸ ಸ್ಪ್ರಿಂಗೇ ಮಾಡುತ್ತದೆ. ಕೈಯಾರೆ ‘ನ್ಯೂ ಥ್ರೆಡ್’ ಮಾಡಿದ್ದು ಅದಕ್ಕೆ ಗೊತ್ತಾಗುವುದಿಲ್ಲ.

ಕೇಳಿದ ಪ್ರಶ್ನೆಗಳು

‘ಸರ್, ನಾವು ಸ್ಪ್ರಿಂಗ್ ಬೂಟ್ ಬಳಸುತ್ತೇವೆ. ಪ್ರತಿ ಸಲ ಪ್ರೋಸೆಸ್ಸೇ ಹೊಸದು. ಇದು ನಮಗೆ ಯಾಕೆ?’

ಪ್ರೋಸೆಸ್ ಪೂರ್ತಿ ಹೊಸದಾದರೆ ಈ ಲೀಕ್ ನಿಮ್ಮನ್ನು ಕಾಡುವುದಿಲ್ಲ, ನಿಜ. ಆದರೆ ಡೆವ್‌ಟೂಲ್ಸ್ ಹಾಕಿಕೊಂಡಿದ್ದೀರಾ? ಅದು ಬೇಗ ರೀಸ್ಟಾರ್ಟ್ ಮಾಡಲು ಎರಡು ಕ್ಲಾಸ್‌ಲೋಡರ್ ಇಟ್ಟುಕೊಳ್ಳುತ್ತದೆ. ಬದಲಾಗದ ಜಾರ್‌ಗಳಿಗೆ ಒಂದು, ನಿಮ್ಮ ಕೋಡ್‌ಗೆ ಇನ್ನೊಂದು. ಪ್ರತಿ ರೀಸ್ಟಾರ್ಟ್‌ನಲ್ಲಿ ಎರಡನೆಯದನ್ನು ಬಿಟ್ಟು ಹೊಸದು ಮಾಡುತ್ತದೆ. ಅಂದರೆ ಅದೇ ಆಟ, ಅದೇ ಸರಪಳಿ. ಇನ್ನು ಪ್ರೊಡಕ್ಷನ್ ಕಡೆ ನೋಡಿ. ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್ ನಿಮ್ಮ ಪಾಡ್ (ಕಂಟೇನರ್‌ಗಳ ಗುಂಪು) ನಿಲ್ಲಿಸುವಾಗ ಸಿಗ್‌ಟರ್ಮ್ (‘ನಿಲ್ಲು’ ಅನ್ನುವ ಸಂಕೇತ) ಕಳಿಸಿ, ಡಿಫಾಲ್ಟ್ ಆಗಿ 30 ಸೆಕೆಂಡ್ ಕಾದು, ಆಮೇಲೆ ಕೊಲ್ಲುತ್ತದೆ. ಆ 30 ಸೆಕೆಂಡಿನಲ್ಲಿ ಕ್ಯೂನಲ್ಲಿರುವ ಕೆಲಸ ಮುಗಿಸಿ, ಕನೆಕ್ಷನ್ ಮುಚ್ಚಿ, ಥ್ರೆಡ್ ನಿಲ್ಲಿಸಬೇಕಾದದ್ದು ನಾವು ಇಷ್ಟು ಹೊತ್ತು ಮಾತಾಡಿದ ಅದೇ ಕೋಡ್. ರೀಡಿಪ್ಲಾಯ್‌ಗೆ ಸರಿಯಾಗಿ ನಿಲ್ಲುವ ಅಪ್ಲಿಕೇಶನ್ ಅಲ್ಲೂ ಸರಿಯಾಗಿ ನಿಲ್ಲುತ್ತದೆ.

ರೀಡಿಪ್ಲಾಯ್ ಬೇಡವೇ ಬೇಡ ಅನ್ನುವವರಿಗೆ ಡಿಬಗರ್‌ನ ಹಾಟ್‌ಸ್ವಾಪ್ ಇದೆ, ಆದರೆ ಮಾಮೂಲಿ ಜೆವಿಎಂನಲ್ಲಿ ಮೆಥಡ್ ಒಳಗಿನ ಬದಲಾವಣೆ ಮಾತ್ರ ಹಿಡಿಸುತ್ತದೆ. ಹೊಸ ಮೆಥಡ್, ಹೊಸ ಫೀಲ್ಡ್ ಸೇರಿಸಲು ಜೆರೆಬೆಲ್ ಅಥವಾ ಹಾಟ್‌ಸ್ವಾಪ್ ಏಜೆಂಟ್ ಥರದ್ದು ಬೇಕು. ಅವು ಲೋಡರ್ ಬಿಸಾಡದೆ ಕ್ಲಾಸ್ ಬದಲಾಯಿಸುತ್ತವೆ, ಹಾಗಾಗಿ ಈ ಲೀಕ್ ಏಳುವ ಸಂದರ್ಭವೇ ಕಡಿಮೆ.

‘ಲೀಕ್ ಬೇರೆಯವರ ಲೈಬ್ರರಿಯಲ್ಲಿದ್ದರೆ?’

ಮೊದಲು ಹೊಸ ಆವೃತ್ತಿ ಹಾಕಿ ನೋಡಿ, ಎಷ್ಟೋ ಲೈಬ್ರರಿಗಳು ಇದನ್ನು ಸರಿಪಡಿಸಿಕೊಂಡಿವೆ. ಮುಚ್ಚುವ ಮೆಥಡ್ ಇದೆಯಾ ಅಂತ ಡಾಕ್ಯುಮೆಂಟೇಶನ್ ಹುಡುಕಿ. ಕ್ಲೋಸ್, ಶಟ್‌ಡೌನ್, ರಿಲೀಸ್, ಹೀಗೆ ಯಾವುದಾದರೂ ಹೆಸರಲ್ಲಿ ಇರುತ್ತದೆ. ಏನೂ ಇಲ್ಲದಿದ್ದರೆ ಜಿಸಿ ರೂಟ್‌ವರೆಗಿನ ದಾರಿಯನ್ನು ಕಾಪಿ ಮಾಡಿ, ಎರಡೇ ಕ್ಲಾಸ್ ಇರುವ ಒಂದು ಪುಟ್ಟ ವಾರ್ ಫೈಲ್ ಜೊತೆ ಬಗ್ ವರದಿ ಹಾಕಿ. ‘ನಿಮ್ಮ ಲೈಬ್ರರಿ ಲೀಕ್ ಆಗುತ್ತೆ’ ಅಂತ ಬರೆದರೆ ಯಾರೂ ತಿರುಗಿ ನೋಡುವುದಿಲ್ಲ. ಈ ಫೀಲ್ಡ್‌ನಿಂದ ಈ ಥ್ರೆಡ್‌ಗೆ, ಅಲ್ಲಿಂದ ಈ ಲೋಡರ್‌ಗೆ ಅಂತ ತೋರಿಸಿದರೆ ಅದನ್ನು ನೋಡಿಕೊಳ್ಳುವವರಿಗೆ ಅರ್ಧ ಕೆಲಸ ಮುಗಿದಂತೆ. ಉತ್ತರ ಬರುವವರೆಗೆ ಆ ಜಾರನ್ನು ಸರ್ವರ್‌ನ ಲಿಬ್ ಫೋಲ್ಡರ್‌ನಲ್ಲಿಟ್ಟು ನೋಡಬಹುದು. ಆಗ ಒಂದನ್ನು ಮಾತ್ರ ಗಮನಿಸಿ: ಆ ಲೈಬ್ರರಿ ತನ್ನ ಸ್ಟ್ಯಾಟಿಕ್ ಕ್ಯಾಶ್‌ನಲ್ಲಿ ನಿಮ್ಮ ಕ್ಲಾಸ್‌ಗಳನ್ನು ಇಟ್ಟುಕೊಳ್ಳುವಂಥದ್ದಾದರೆ ಲೀಕ್ ಜಾಗ ಬದಲಾಯಿಸುತ್ತದೆಯೇ ಹೊರತು ಹೋಗುವುದಿಲ್ಲ. ಸಾಗಿಸಿದ ಮೇಲೆ ಮತ್ತೊಮ್ಮೆ ಡಂಪ್ ತೆಗೆದು ನೋಡಿ.